ಮುಹಮ್ಮದ್ ಅಲಿಗೆ ಬಂದ ಕಾಯಿಲೆ ನನ್ನ ಮಗನಿಗೂ ಬರಬಹುದೇ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಎತ್ತರದ ಹುಡುಗ, ತೂಕ 84 ಕೆ.ಜಿ. ಎರಡು ವರ್ಷದಿಂದ ಬಾಕ್ಸಿಂಗ್ ಕಲಿಯುತ್ತಿದ್ದಾನೆ. ಹೆವಿವೇಟ್‌ನಲ್ಲಿ ಒಳ್ಳೆಯ ಭವಿಷ್ಯವಿದೆ ಎಂದು ಕೋಚ್ ಹೇಳುತ್ತಾರೆ. ಅವನ ಕೋಣೆಯ ಗೋಡೆ ತುಂಬ ಮುಹಮ್ಮದ್ ಅಲಿಯ ಚಿತ್ರಗಳು. ನನಗೆ ಅಲಿ ಎಂದರೆ ನೆನಪಾಗುವುದು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಹಿಡಿದು ನಡುಗುತ್ತಿದ್ದ ಕೈ. ಲ್ಯಾರಿ ಹೋಮ್ಸ್ ಜೊತೆಗಿನ ಪಂದ್ಯದಲ್ಲಿ ಬಿದ್ದ ಏಟಿನಿಂದಲೇ ಅಲಿಗೆ ಪಾರ್ಕಿನ್ಸನ್ ಬಂತು ಎಂದು ನನ್ನ ಸ್ನೇಹಿತರೊಬ್ಬರು ಹೇಳುತ್ತಾರೆ. ಬಾಕ್ಸಿಂಗಿಗೂ ಆ ಕಾಯಿಲೆಗೂ ಸಂಬಂಧವೇ ಇಲ್ಲ ಎನ್ನುತ್ತಾರೆ ಇನ್ನೊಬ್ಬರು. ಹೆಡ್‌ಗಾರ್ಡ್ ಹಾಕಿದರೆ ಏನೂ ಆಗುವುದಿಲ್ಲ ಎನ್ನುವುದು ಕೋಚ್ ಮಾತು. ಹೆಂಡತಿ ಮಾತ್ರ ಇವತ್ತೇ ಬಿಡಿಸಿ ಎಂದು ಹಟ ಹಿಡಿದಿದ್ದಾಳೆ. ಒಮ್ಮೆ ಎಂಆರ್‌ಐ ಮಾಡಿಸಿ ನಾರ್ಮಲ್ ಬಂದರೆ ಮುಂದುವರಿಸಬಹುದೇ? ಅಂದ ಹಾಗೆ, ಕಳೆದ ತಿಂಗಳು ಸ್ಪಾರಿಂಗ್ (ಜೊತೆಗಾರರೊಡನೆ ಅಭ್ಯಾಸದ ಹೊಡೆದಾಟ) ಮಾಡುವಾಗ ಏಟು ಬಿದ್ದು ಎರಡು ದಿನ ತಲೆನೋವು ಎನ್ನುತ್ತಿದ್ದ. ಮೂರನೇ ದಿನ ಮತ್ತೆ ರಿಂಗಿಗೆ ಇಳಿದ. (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ಅಲಿಯ ವಿಷಯವೇ ಹೆಚ್ಚು. ಆದರೆ ನರರೋಗ ವೈದ್ಯನಾಗಿ ನನ್ನನ್ನು ತಡೆದು ನಿಲ್ಲಿಸಿದ್ದು 'ಅಂದ ಹಾಗೆ' ಎಂದು ನೀವು ಕೊನೆಯಲ್ಲಿ ಸೇರಿಸಿದ ಸಾಲುಗಳು. ಆದ್ದರಿಂದ ಮೊದಲು ಅದನ್ನೇ ಮುಗಿಸುತ್ತೇನೆ.

ತಲೆಗೆ ಏಟು ಬಿದ್ದು ಎರಡು ದಿನ ತಲೆನೋವು ಇತ್ತು ಎಂದರೆ, ಅದು ಬೇರೆ ಏನಾದರೂ ಎಂದು ಸಾಬೀತಾಗುವವರೆಗೆ ಕನ್ಕಷನ್ ಎಂದೇ ತಿಳಿಯಬೇಕು. ಅಂದರೆ ಮಿದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗಿದೆ ಎಂದರ್ಥ. ಅದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಹೆಚ್ಚಿನ ಕನ್ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಅದು ವಾಸಿಯಾಗುವ ಮೊದಲೇ ಇನ್ನೊಂದು ಏಟು ಬಿದ್ದರೆ ಚೇತರಿಕೆ ಬಹಳ ತಡವಾಗುತ್ತದೆ. ಅಪರೂಪಕ್ಕೆ ಮಿದುಳು ಹಠಾತ್ತಾಗಿ ಊದಿಕೊಂಡು ಪ್ರಾಣಕ್ಕೇ ಕುತ್ತು ಬರುವುದುಂಟು. ಅಂಥ ಪ್ರಕರಣಗಳು ವರದಿಯಾಗಿರುವುದು ಹೆಚ್ಚಾಗಿ ಹದಿಹರೆಯದವರಲ್ಲಿ ಮತ್ತು ಎಳೆ ಯುವಕರಲ್ಲಿ. ನಿಮ್ಮ ಮಗ ಮೂರನೇ ದಿನ ರಿಂಗಿಗೆ ಇಳಿದಾಗ ಏನೂ ಆಗಲಿಲ್ಲ, ಸಂತೋಷ. ಆದರೆ ಇನ್ನೊಮ್ಮೆ ಹಾಗೆ ಮಾಡಕೂಡದು. ಈಗಲೂ ತಲೆನೋವು, ಓದುವಾಗ ಗಮನ ಚದುರುವುದು, ನಿದ್ದೆ ಏರುಪೇರು, ವಿನಾಕಾರಣ ಸಿಡುಕು ಇವುಗಳಲ್ಲಿ ಯಾವುದೇ ಇದ್ದರೂ ಸ್ಪಾರಿಂಗ್ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಇನ್ನು ಅಲಿ. ನಿಮ್ಮ ಇಬ್ಬರು ಸ್ನೇಹಿತರಲ್ಲಿ ಯಾರು ಹೇಳುವುದೂ ಪೂರ್ತಿ ಸರಿಯಲ್ಲ. ಏಕೆಂದು ತಿಳಿಯಬೇಕಾದರೆ ಅಲಿಯ ವೃತ್ತಿಜೀವನವನ್ನು ಒಬ್ಬ ರೋಗಿಯ ಹಿಂದಿನ ಇತಿಹಾಸ ಬರೆದುಕೊಳ್ಳುವಂತೆ ಮೊದಲಿನಿಂದ ನೋಡಬೇಕು.

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 1942ರಲ್ಲಿ ಹುಟ್ಟಿದ ಕ್ಯಾಸಿಯಸ್ ಕ್ಲೇ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಲೈಟ್ ಹೆವಿವೇಟ್ ಚಿನ್ನ ಗೆದ್ದಾಗ ಅವರಿಗೆ 18 ವರ್ಷ. 1964ರ ಫೆಬ್ರುವರಿಯಲ್ಲಿ ಮಯಾಮಿ ಬೀಚ್‌ನಲ್ಲಿ ಸನ್ನಿ ಲಿಸ್ಟನ್‌ರನ್ನು ಸೋಲಿಸಿ 22ಕ್ಕೇ ವಿಶ್ವ ಹೆವಿವೇಟ್ ಚಾಂಪಿಯನ್ ಆದರು. ಏಳನೇ ಸುತ್ತಿಗೆ ಲಿಸ್ಟನ್ ಸ್ಟೂಲ್ ಬಿಟ್ಟು ಏಳಲೇ ಇಲ್ಲ. ಮುಹಮ್ಮದ್ ಅಲಿ ಎಂದು ಹೆಸರು ಬದಲಾದದ್ದು ಆ ಪಂದ್ಯದ ನಂತರ. ಅಂದಿನ ಅಲಿಯ ವಿಡಿಯೊಗಳನ್ನು ಮಗನ ಜೊತೆ ಕೂತು ನೋಡಿ. ಕೈಗಳು ಸೊಂಟದ ಮಟ್ಟದಲ್ಲಿ ಇಳಿಬಿದ್ದಿರುತ್ತವೆ. ಎದುರಾಳಿಯ ಗುದ್ದು ಬರುವಷ್ಟರಲ್ಲಿ ತಲೆ ಎರಡು ಇಂಚು ಹಿಂದಕ್ಕೆ ಸರಿದಿರುತ್ತದೆ. ಕಾಲುಗಳು ಒಂದು ಕ್ಷಣ ನಿಲ್ಲುವುದಿಲ್ಲ. ಅವರಿಗಿದ್ದ ರಕ್ಷಣೆಯೆಲ್ಲ ಆ ಕಾಲುಗಳಲ್ಲೇ ಇತ್ತು. 1967ರ ಮಾರ್ಚ್‌ವರೆಗೆ ಆಡಿದ 29 ಪಂದ್ಯ, 29 ಗೆಲುವು. ತಲೆಗೆ ಬಿದ್ದ ಏಟು ಬಹಳ ಕಡಿಮೆ.

1967ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೇನೆಗೆ ಸೇರಲು ಒಪ್ಪದ ಕಾರಣ ಚಾಂಪಿಯನ್ ಪದವಿ ಕಿತ್ತುಕೊಂಡರು, ಲೈಸೆನ್ಸ್ ರದ್ದು ಮಾಡಿದರು. ಮೂರೂವರೆ ವರ್ಷ ರಿಂಗ್ ಇಲ್ಲ. ಸುಪ್ರೀಂ ಕೋರ್ಟ್ 1971ರಲ್ಲಿ ಒಮ್ಮತದಿಂದ ಅವರ ಪರವಾಗಿ ತೀರ್ಪು ಕೊಟ್ಟಿತು. ಆದರೆ 25ರಿಂದ 28ರವರೆಗಿನ ಪ್ರಾಯವನ್ನು ಯಾವ ನ್ಯಾಯಾಲಯ ಹಿಂದಿರುಗಿಸೀತು? 1970ರ ಅಕ್ಟೋಬರ್‌ನಲ್ಲಿ ಜೆರಿ ಕ್ವಾರಿ ವಿರುದ್ಧ ಮರಳಿದಾಗ ಕಾಲುಗಳ ಚುರುಕು ಮೊದಲಿನಂತಿರಲಿಲ್ಲ. ಏಟು ತಪ್ಪಿಸಿಕೊಳ್ಳುತ್ತಿದ್ದವರು ಏಟು ತಡೆದುಕೊಳ್ಳುವವರಾದರು. ಅವರ ವೃತ್ತಿಜೀವನದ ಐದೂ ಸೋಲು ಈ ಎರಡನೇ ಭಾಗದ 32 ಪಂದ್ಯಗಳಲ್ಲೇ ಬಂದವು.

1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೋ ಫ್ರೇಜಿಯರ್ ಜೊತೆ 15 ಸುತ್ತು. ಕೊನೆಯ ಸುತ್ತಿನಲ್ಲಿ ಎಡಗೈ ಹುಕ್ (ಬದಿಯಿಂದ ಬೀಸುವ ಗುದ್ದು) ದವಡೆಗೆ ಬಿದ್ದು ಅಲಿ ಅಂಗಾತ ಬಿದ್ದರು, ಕೂಡಲೇ ಎದ್ದರು, ಅಂಕಗಳಲ್ಲಿ ಸೋತರು. 1973ರಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದರು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ವಿರುದ್ಧ ಹಗ್ಗಕ್ಕೆ ಒರಗಿ ಸುತ್ತಿನ ಮೇಲೆ ಸುತ್ತು ಗುದ್ದು ತಿಂದು, ಫೋರ್‌ಮನ್ ದಣಿದಾಗ ಎಂಟನೇ ಸುತ್ತಿನಲ್ಲಿ ಉರುಳಿಸಿದರು. ಜಗತ್ತು ಅದನ್ನು ಬುದ್ಧಿವಂತಿಕೆ ಎಂದು ಕೊಂಡಾಡಿತು, ಅದು ನಿಜವೂ ಹೌದು. ಆದರೆ ಏಟು ತಿನ್ನುವುದೇ ತಂತ್ರವಾದರೆ ಅದನ್ನು ಅಭ್ಯಾಸದಲ್ಲೂ ರೂಢಿ ಮಾಡಿಕೊಳ್ಳಬೇಕಲ್ಲ? ಪೆನ್ಸಿಲ್ವೇನಿಯದ ಡೀರ್ ಲೇಕ್ ಶಿಬಿರದಲ್ಲಿ ತನ್ನನ್ನು ಹೊಡೆಯಿರೆಂದು ಅವರು ಸ್ಪಾರಿಂಗ್ ಜೊತೆಗಾರರಿಗೆ ಬಿಟ್ಟುಕೊಡುತ್ತಿದ್ದರು. ಆ ಏಟುಗಳು ಯಾವ ದಾಖಲೆಯಲ್ಲೂ ಇಲ್ಲ. ಕ್ರೀಡಾಭಿಮಾನಿಗೆ ಅವು ಮುಖ್ಯವಲ್ಲ. ನನಗೆ ಅವೇ ಮುಖ್ಯ.

1975ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಮತ್ತೆ ಫ್ರೇಜಿಯರ್ ಜೊತೆ ನಡೆದ ಪಂದ್ಯದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಮೆರಿಕದ ಟಿವಿ ವೀಕ್ಷಕರಿಗೆ ಅನುಕೂಲವಾಗಲೆಂದು ಬೆಳಿಗ್ಗೆಯೇ ಇಟ್ಟ ಪಂದ್ಯ. ಕ್ರೀಡಾಂಗಣದೊಳಗೆ ಉಸಿರುಗಟ್ಟಿಸುವ ಸೆಕೆ. ಫ್ರೇಜಿಯರ್‌ರ ಎಡಗಣ್ಣಿನ ದೃಷ್ಟಿ ಬಹಳ ಹಿಂದೆಯೇ ಮಂದವಾಗಿತ್ತು. 14ನೇ ಸುತ್ತು ಮುಗಿಯುವಷ್ಟರಲ್ಲಿ ಬಲಗಣ್ಣೂ ಊದಿ ಮುಚ್ಚಿಹೋಗಿ, ಬರುವ ಗುದ್ದು ಅವರಿಗೆ ಕಾಣುತ್ತಲೇ ಇರಲಿಲ್ಲ. ಉಳಿದದ್ದು ಒಂದೇ ಸುತ್ತು, ಮೂರು ನಿಮಿಷ. ಫ್ರೇಜಿಯರ್ ಏಳಲು ಹೊರಟರು. ಅವರ ತರಬೇತುದಾರ ಎಡ್ಡಿ ಫಚ್ ಭುಜದ ಮೇಲೆ ಕೈಯಿಟ್ಟು, ಕೂತುಕೋ ಮಗನೇ, ಮುಗಿಯಿತು, ಇವತ್ತು ನೀನು ಮಾಡಿದ್ದನ್ನು ಯಾರೂ ಮರೆಯುವುದಿಲ್ಲ ಎಂದು ಹೇಳಿ ಪಂದ್ಯ ನಿಲ್ಲಿಸಿದರು. ಆ ಪಂದ್ಯದ ಬಗ್ಗೆ ಬರೆದವರೆಲ್ಲ ಅಲಿ, ಫ್ರೇಜಿಯರ್ ಇಬ್ಬರ ಧೈರ್ಯವನ್ನು ಹೊಗಳಿದ್ದಾರೆ. ನನ್ನ ದೃಷ್ಟಿಯಲ್ಲಿ ಅಂದು ಎಲ್ಲರಿಗಿಂತ ದೊಡ್ಡ ಕೆಲಸ ಮಾಡಿದವರು ಫಚ್. ಗೆದ್ದ ಅಲಿಯೂ ಸಾವಿಗೆ ಅಷ್ಟು ಹತ್ತಿರ ಎಂದೂ ಹೋಗಿರಲಿಲ್ಲ ಎಂದೇ ಹೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

1977ರಲ್ಲಿ ಅರ್ನಿ ಶೇವರ್ಸ್ ಜೊತೆ 15 ಸುತ್ತು. ಹೆವಿವೇಟ್ ಇತಿಹಾಸದಲ್ಲಿ ಅತಿ ಭಾರದ ಗುದ್ದಿನವರಲ್ಲಿ ಶೇವರ್ಸ್ ಒಬ್ಬರು. ಅಲಿ ಗೆದ್ದರು. ಆದರೆ ವರ್ಷಗಟ್ಟಲೆ ಜೊತೆಗಿದ್ದ ರಿಂಗ್ ವೈದ್ಯ ಫರ್ಡಿ ಪಚೆಕೊ, ಮೂತ್ರಪಿಂಡ ಹಾಳಾಗುತ್ತಿರುವುದನ್ನು ತೋರಿಸುವ ಲ್ಯಾಬ್ ವರದಿಯನ್ನು ಅಲಿಗೂ ಅವರ ಹತ್ತಿರದವರಿಗೂ ಕಳಿಸಿ, ಆಟ ಬಿಡಿ ಎಂದು ಕೇಳಿಕೊಂಡರು. ಯಾರೂ ಉತ್ತರಿಸಲಿಲ್ಲ. ಪಚೆಕೊ ಕೆಲಸ ಬಿಟ್ಟು ಹೊರಟರು. 1978ರ ಫೆಬ್ರುವರಿಯಲ್ಲಿ ಲಿಯಾನ್ ಸ್ಪಿಂಕ್ಸ್‌ಗೆ ಸೋತು, ಸೆಪ್ಟೆಂಬರ್‌ನಲ್ಲಿ ಅದೇ ಸ್ಪಿಂಕ್ಸ್‌ರನ್ನು ಸೋಲಿಸಿ ಅಲಿ ಮೂರನೇ ಬಾರಿ ಚಾಂಪಿಯನ್ ಆದರು. ಮರುವರ್ಷ ನಿವೃತ್ತಿ ಘೋಷಿಸಿದರು. 1980ರ ಆರಂಭದಲ್ಲಿ ಭಾರತಕ್ಕೂ ಬಂದರು. ದೆಹಲಿಯಲ್ಲಿ ನಮ್ಮ ಹೆವಿವೇಟ್ ಕೌರ್ ಸಿಂಗ್ ಜೊತೆ ಪ್ರದರ್ಶನ ಪಂದ್ಯ ಆಡಿದರು, ಮದ್ರಾಸಿಗೂ ಹೋಗಿದ್ದರು. ಕೌರ್ ಸಿಂಗ್ ಮುಂದೆ 1982ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು.

ಆದರೆ ಅದೇ 1980ರ ಅಕ್ಟೋಬರ್‌ನಲ್ಲಿ, 38ರ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್ ವಿರುದ್ಧ ಅಲಿ ಮತ್ತೆ ಇಳಿದರು. ಹೋಮ್ಸ್ ಒಂದು ಕಾಲದಲ್ಲಿ ಅಲಿಯ ಸ್ಪಾರಿಂಗ್ ಜೊತೆಗಾರ. ಪಂದ್ಯಕ್ಕೆ ಮುಂಚೆ ಅಮೆರಿಕದ ಹೆಸರಾಂತ ಆಸ್ಪತ್ರೆ ಮೇಯೊ ಕ್ಲಿನಿಕ್‌ನಲ್ಲಿ ತಪಾಸಣೆಯಾಯಿತು. ನನ್ನ ಕ್ಲಿನಿಕ್ಕಿಗೆ ಬರುವವರಿಗೆ ನಾನು ಮಾಡಿಸುವ ಪರೀಕ್ಷೆಗಳೇ ಅವು: ಕಣ್ಣು ಮುಚ್ಚಿ ಬೆರಳಿನಿಂದ ಮೂಗಿನ ತುದಿ ಮುಟ್ಟುವುದು, ಒಂಟಿಗಾಲಲ್ಲಿ ಕುಪ್ಪಳಿಸುವುದು. ಬೆರಳು ಮೂಗಿನ ಗುರಿ ಸ್ವಲ್ಪ ತಪ್ಪುತ್ತದೆ, ಕುಪ್ಪಳಿಸುವಾಗ ನಿರೀಕ್ಷಿಸಿದಷ್ಟು ಚುರುಕಿಲ್ಲ ಎಂದು ವರದಿಯಲ್ಲಿ ದಾಖಲಾಯಿತು. ರಿಂಗಿನಲ್ಲಿ ಚಿಟ್ಟೆಯಂತೆ ತೇಲುತ್ತೇನೆ ಎನ್ನುತ್ತಿದ್ದ ಮನುಷ್ಯ! ಆದರೂ ಆಡಲು ಅಡ್ಡಿಯಿಲ್ಲ ಎಂದಾಯಿತು. ಸಾಲದ್ದಕ್ಕೆ ತೂಕ ಇಳಿಸಲು ಥೈರಾಯ್ಡ್ ಹಾರ್ಮೋನ್ ಮಾತ್ರೆ ನುಂಗಿದ್ದರು. ಮೈ ನೋಡಲು ಯುವಕನಂತೆ ತೆಳ್ಳಗಾಗಿತ್ತು, ಒಳಗೆ ಸತ್ವವಿರಲಿಲ್ಲ. ಹತ್ತು ಸುತ್ತಿನಲ್ಲಿ ಒಂದನ್ನೂ ಗೆಲ್ಲಲಾಗಲಿಲ್ಲ. ತರಬೇತುದಾರ ಆ್ಯಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ಗೆದ್ದ ಹೋಮ್ಸ್ ಅತ್ತರು. 1981ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನ ನಸ್ಸೌನಲ್ಲಿ ಟ್ರೆವರ್ ಬರ್ಬಿಕ್ ಜೊತೆ ಕೊನೆಯ ಪಂದ್ಯ. ಸರಿಯಾದ ಗಂಟೆಯೂ ಇಲ್ಲದೆ ಹಸುವಿನ ಕೊರಳಿಗೆ ಕಟ್ಟುವ ಗಂಟೆ ಬಾರಿಸಿ ಸುತ್ತುಗಳನ್ನು ನಡೆಸಿದರು. ಅದರಲ್ಲೂ ಸೋತರು. ಒಟ್ಟು 61 ಪಂದ್ಯ, 56 ಗೆಲುವು, ಅದರಲ್ಲಿ 37 ನಾಕೌಟ್.

ಈಗ ನಿಮ್ಮ ಮೊದಲ ಸ್ನೇಹಿತರ ಮಾತಿಗೆ ಬರೋಣ. ಹೋಮ್ಸ್ ಪಂದ್ಯದಿಂದಲೇ ಕಾಯಿಲೆ ಬಂತು ಎನ್ನುವುದು ಸರಿಯಲ್ಲ, ಏಕೆಂದರೆ ಆ ಪಂದ್ಯಕ್ಕೆ ಮುಂಚೆಯೇ ಬೆರಳು ಗುರಿ ತಪ್ಪುತ್ತಿತ್ತು. ಮಾತಿನಲ್ಲೂ ಬದಲಾವಣೆ ಬಂದಿತ್ತು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅಲಿಯ ಹಳೆಯ ಟಿವಿ ಸಂದರ್ಶನಗಳ ಧ್ವನಿಯನ್ನು ಅಳೆದು 2017ರಲ್ಲಿ ಪ್ರಕಟಿಸಿದರು. 1968ರಿಂದ 1981ರೊಳಗೆ ಅವರ ಮಾತಿನ ವೇಗ ಶೇ 26ರಷ್ಟು ಇಳಿದಿತ್ತು. ರೋಗ ಪತ್ತೆಯಾದದ್ದು 1984ರಲ್ಲಿ. ಅಂದರೆ ಚಾಂಪಿಯನ್ ಆಗಿ ಮೆರೆಯುತ್ತಿದ್ದ ಕಾಲದಲ್ಲೇ ಬದಲಾವಣೆ ಶುರುವಾಗಿತ್ತು. ಜಗತ್ತಿನಲ್ಲೇ ಅತಿ ಹೆಚ್ಚು ಜನ ಕಿವಿಗೊಟ್ಟು ಕೇಳುತ್ತಿದ್ದ ಬಾಯಿ ಅದು. ಆದರೂ ಯಾರಿಗೂ ಕೇಳಿಸಲಿಲ್ಲ, ಅಥವಾ ಕೇಳಿಸಿದವರು ಸುಮ್ಮನಿದ್ದರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ನೋವು ಕೊಡುವುದು ಇದೇ.

ಎರಡನೇ ಸ್ನೇಹಿತರು ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ. ಅಲಿಯನ್ನು ಬಹುಕಾಲ ನೋಡಿಕೊಂಡ ನರತಜ್ಞರು 2022ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಪ್ರಕಾರ, ಅವರಿಗಿದ್ದದ್ದು ಚಿಕ್ಕ ವಯಸ್ಸಿನಲ್ಲೇ ಶುರುವಾದ ಸಾಮಾನ್ಯ ಪಾರ್ಕಿನ್ಸನ್ ಕಾಯಿಲೆಯೇ. ಮಿದುಳಿನ ಆಳದಲ್ಲಿ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಅದು. ಆ ಕೊರತೆ ತುಂಬುವ ಲೆವೊಡೋಪಾ ಮಾತ್ರೆಗೆ ಅಲಿಯ ದೇಹ ಸ್ಪಂದಿಸುತ್ತಿತ್ತು. ರೋಗ ನಿಧಾನವಾಗಿ, ದಶಕಗಳ ಕಾಲ ಬೆಳೆಯಿತು. ಬರೀ ಏಟಿನಿಂದ ಹಾಳಾದ ಮಿದುಳು ಸಾಮಾನ್ಯವಾಗಿ ಹಾಗೆ ನಡೆದುಕೊಳ್ಳುವುದಿಲ್ಲ. ಬಾಕ್ಸಿಂಗ್ ಕೈಗವಸನ್ನೇ ಮುಟ್ಟದವರಿಗೂ 40ರೊಳಗೆ ಈ ಕಾಯಿಲೆ ಬರುವುದುಂಟು. ಅಂಥವರನ್ನು ನಾನು ನೋಡುತ್ತಿರುತ್ತೇನೆ. ಹಾಗೆಂದು ಸಂಬಂಧವೇ ಇಲ್ಲ ಎನ್ನಲಾಗದು. ತಲೆಗೆ ಬಲವಾದ ಪೆಟ್ಟು ಬಿದ್ದವರಲ್ಲಿ ಪಾರ್ಕಿನ್ಸನ್ ಸಾಧ್ಯತೆ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ವಂಶವಾಹಿ, ಕೀಟನಾಶಕಗಳ ಸಂಪರ್ಕ, ವಯಸ್ಸು, ಏಟು ಇವೆಲ್ಲ ಸೇರಿ ಕೆಲಸ ಮಾಡುತ್ತವೆ. ಒಬ್ಬ ವ್ಯಕ್ತಿಯಲ್ಲಿ ಯಾವುದರ ಪಾಲು ಎಷ್ಟು ಎಂದು ತೂಗಿ ಹೇಳುವ ತಕ್ಕಡಿ ವೈದ್ಯರ ಬಳಿ ಇಲ್ಲ. ಆ ರಿಂಗ್‌ಗಳು ಅಲಿಯ ಮಿದುಳಿಗೆ ಒಳ್ಳೆಯದು ಮಾಡಲಿಲ್ಲ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ವಾಸ್ತವವಾಗಿ, ಮಗನ ವಿಷಯದಲ್ಲಿ ನೀವು ಹೆಚ್ಚು ಯೋಚಿಸಬೇಕಾದದ್ದು ಪಾರ್ಕಿನ್ಸನ್ ಬಗ್ಗೆ ಅಲ್ಲ. ಬಾಕ್ಸರ್‌ಗಳಿಗೇ ಅಂಟಿಕೊಂಡ ಇನ್ನೊಂದು ತೊಂದರೆ ಇದೆ. ಅಮೆರಿಕದ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಅದನ್ನು ವಿವರಿಸಿದ್ದರು. ಕುಡಿದವರಂತೆ ತೂರಾಡುವ ನಡಿಗೆ, ತೊದಲು, ಮರೆವು, ಸ್ವಭಾವದಲ್ಲಿ ಬದಲಾವಣೆ. ಆಟ ಬಿಟ್ಟು ವರ್ಷಗಳಾದ ಮೇಲೆ ಕಾಣಿಸಿಕೊಂಡು ಬೆಳೆಯುತ್ತಾ ಹೋಗಬಹುದು. ಈಗ ಇದನ್ನು ಸಿಟಿಇ (ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ) ಎನ್ನುತ್ತೇವೆ. ಬದುಕಿರುವಾಗ ಖಚಿತವಾಗಿ ಹೇಳಲಾಗದು, ಸತ್ತ ನಂತರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ದೃಢಪಡಿಸಬೇಕು. ಬ್ರಿಟನ್‌ನಲ್ಲಿ ಹಳೆಯ ವೃತ್ತಿಪರ ಬಾಕ್ಸರ್‌ಗಳ ಪೈಕಿ 224 ಮಂದಿಯನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 17 ಮಂದಿಯಲ್ಲಿ ನರಮಂಡಲದ ಹಾನಿ ಕಂಡಿತ್ತು. ಹೆಚ್ಚು ವರ್ಷ, ಹೆಚ್ಚು ಪಂದ್ಯ ಆಡಿದವರಲ್ಲಿ ಹೆಚ್ಚು.

ಇದು ಆಗುವುದು ಹೇಗೆ? ಬ್ರಿಟಿಷ್ ಹೆವಿವೇಟ್ ಫ್ರಾಂಕ್ ಬ್ರೂನೊ ಅವರ ಗುದ್ದನ್ನು 1985ರಲ್ಲಿ ಪ್ರಯೋಗಾಲಯದಲ್ಲಿ ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್. ಬಲ ಸುಮಾರು 400 ಕೆ.ಜಿ. ಭಾರಕ್ಕೆ ಸಮ. ಇಂಥ ಗುದ್ದು ದವಡೆಯ ಬದಿಗೆ ಬಿದ್ದಾಗ ತಲೆ ಗಕ್ಕನೆ ತಿರುಗುತ್ತದೆ. ಮೊಸರು ಹೆಪ್ಪುಗಟ್ಟಿದ ಗಡಿಗೆಯನ್ನು ಒಮ್ಮೆಲೇ ತಿರುವಿದರೆ ಗಡಿಗೆ ತಿರುಗುತ್ತದೆ, ಮೊಸರು ತಡವಾಗಿ ತಿರುಗಿ ಒಡೆಯುತ್ತದೆ. ತಲೆಬುರುಡೆಯೊಳಗೆ ಮಿದುಳಿನ ಪಾಡೂ ಅದೇ. ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗುವ ಉದ್ದನೆಯ ನರತಂತುಗಳು ಜಗ್ಗುತ್ತವೆ. ಕೆಲವು ವಾಸಿಯಾಗುತ್ತವೆ, ಕೆಲವು ಆಗುವುದಿಲ್ಲ. ವರ್ಷಗಟ್ಟಲೆ ಹೀಗಾದಾಗ ಟೌ ಎಂಬ ಪ್ರೋಟೀನ್ ರೂಪಗೆಟ್ಟು ಗಂಟುಗಂಟಾಗಿ ಶೇಖರವಾಗುತ್ತದೆ.

ಬಾಕ್ಸಿಂಗ್ ವಲಯದಲ್ಲಿ 'ದವಡೆ ಗಟ್ಟಿ' ಎನ್ನುವುದು ದೊಡ್ಡ ಹೊಗಳಿಕೆ. ಅಲಿ 61 ಪಂದ್ಯಗಳಲ್ಲಿ ಒಮ್ಮೆಯೂ ಹತ್ತು ಎಣಿಸುವವರೆಗೆ ಕೆಳಗೆ ಬಿದ್ದಿದ್ದವರಲ್ಲ. ಬೇಗ ಬೀಳುವವನ ಪಂದ್ಯ ಅಲ್ಲಿಗೆ ಮುಗಿಯುತ್ತದೆ. ಬೀಳದವನು ನಿಂತೇ ಇನ್ನೂ ನೂರು ಏಟು ತಿನ್ನುತ್ತಾನೆ. ಆದ್ದರಿಂದ ನಾಕೌಟ್ ಎಷ್ಟಾಯಿತು ಎನ್ನುವುದಕ್ಕಿಂತ ಒಟ್ಟು ಎಷ್ಟು ಏಟು, ಎಷ್ಟು ವರ್ಷ ಎನ್ನುವುದನ್ನು ನಾನು ಕೇಳುತ್ತೇನೆ. ನಿಮ್ಮ ಮಗ ಇದುವರೆಗೂ ಬಿದ್ದಿಲ್ಲ ಎಂದು ಕೋಚ್ ಹೆಮ್ಮೆಪಟ್ಟರೆ ಅದರಿಂದ ನೀವು ಸಮಾಧಾನಪಡಬೇಕಿಲ್ಲ.

ಎಲ್ಲ ಬಾಕ್ಸರ್‌ಗಳಿಗೂ ಹೀಗಾಗುತ್ತದೆಯೇ ಎಂದರೆ ಇಲ್ಲ. ಅಲಿಯ ಎದುರಾಳಿಗಳನ್ನೇ ನೋಡಿ. ಜೆರಿ ಕ್ವಾರಿ ಮಿದುಳು ಹಾನಿಯಿಂದ ತನ್ನ ಕೆಲಸ ತಾನು ಮಾಡಿಕೊಳ್ಳಲಾಗದ ಸ್ಥಿತಿಗೆ ಬಂದು 53ಕ್ಕೆ ತೀರಿಕೊಂಡರು. ಫ್ಲಾಯ್ಡ್ ಪ್ಯಾಟರ್ಸನ್ ಮರೆವಿನ ಕಾರಣ 1998ರಲ್ಲಿ ನ್ಯೂಯಾರ್ಕ್ ಬಾಕ್ಸಿಂಗ್ ಆಯೋಗದ ಅಧ್ಯಕ್ಷಗಿರಿ ಬಿಡಬೇಕಾಯಿತು. ಆದರೆ ಜಾರ್ಜ್ ಫೋರ್‌ಮನ್ 45ರಲ್ಲಿ ಮತ್ತೆ ಚಾಂಪಿಯನ್ ಆದರು, ಆಮೇಲೂ ದಶಕಗಳ ಕಾಲ ಚೆನ್ನಾಗಿ ಮಾತಾಡಿಕೊಂಡು ಬಾಳಿ 2025ರಲ್ಲಿ 76ನೇ ವಯಸ್ಸಿನಲ್ಲಿ ನಿಧನರಾದರು. ಅಪೊಇ-4 ಎಂಬ ವಂಶವಾಹಿ ಇರುವ, ಹೆಚ್ಚು ಪಂದ್ಯ ಆಡಿದ ಬಾಕ್ಸರ್‌ಗಳಲ್ಲಿ ಹಾನಿ ಹೆಚ್ಚು ಎಂದು 1997ರ ಒಂದು ಸಣ್ಣ ಅಧ್ಯಯನ ತೋರಿಸಿತು. ಆದರೆ ಆ ಪರೀಕ್ಷೆ ಮಾಡಿಸಿ ಬನ್ನಿ ಎಂದು ನಾನು ಹೇಳುವುದಿಲ್ಲ. ಅದು ಇಲ್ಲವೆಂದು ಬಂದರೂ ಏಟು ಏಟೇ.

ಹೆಡ್‌ಗಾರ್ಡ್ ಬಗ್ಗೆ ಕೋಚ್ ಹೇಳಿದ್ದು ಪ್ರಾಮಾಣಿಕ ನಂಬಿಕೆಯೇ ಇರಬಹುದು, ಬಹಳ ಮಂದಿ ಹಾಗೇ ತಿಳಿದಿದ್ದಾರೆ. ಹೆಡ್‌ಗಾರ್ಡ್ ಹುಬ್ಬು ಹರಿಯುವುದನ್ನು, ಕಿವಿ ಜಜ್ಜುವುದನ್ನು ತಡೆಯುತ್ತದೆ. ಗುದ್ದು ಬಿದ್ದಾಗ ತಲೆ ಗಕ್ಕನೆ ಹೊರಳುವುದನ್ನು ತಡೆಯುವುದಿಲ್ಲ. ಅಂತರರಾಷ್ಟ್ರೀಯ ಅಮೆಚೂರ್ (ವೃತ್ತಿಪರವಲ್ಲದ) ಬಾಕ್ಸಿಂಗ್ ಸಂಸ್ಥೆ 2013ರಲ್ಲಿ ವಯಸ್ಕ ಪುರುಷರ ಪಂದ್ಯಗಳಿಂದ ಅದನ್ನು ತೆಗೆದೇಹಾಕಿತು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು ಬರಿದಲೆಯಲ್ಲೇ ಆಡಿದರು. ಆ ನಿರ್ಧಾರ ಸರಿಯೇ ಎಂಬ ಚರ್ಚೆ ಮುಗಿದಿಲ್ಲ. ಅಭ್ಯಾಸದಲ್ಲಿ ನಿಮ್ಮ ಮಗ ಖಂಡಿತ ಹಾಕಿಕೊಳ್ಳಲಿ. ಆದರೆ ಅದು ಇದೆಯೆಂದು ಜೋರಾಗಿ ಹೊಡೆದಾಡಿದರೆ ಹಾಕಿಕೊಳ್ಳದಿದ್ದರೇ ವಾಸಿ.

ಎಂಆರ್‌ಐ ವಿಷಯಕ್ಕೂ ಅಷ್ಟೇ. ನೋಡುವ ತಜ್ಞರು ಬೇಕೆಂದರೆ ಒಮ್ಮೆ ಮಾಡಿಸಿ, ಹುಟ್ಟಿನಿಂದಲೇ ಇರುವ ದೋಷ ಅಥವಾ ಹಳೆಯ ರಕ್ತಸ್ರಾವದ ಗುರುತು ಇದ್ದರೆ ತಿಳಿಯುತ್ತದೆ. ಅಂಥದ್ದು ಕಂಡರೆ ಬಾಕ್ಸಿಂಗ್ ಅಲ್ಲಿಗೆ ನಿಲ್ಲಬೇಕು. ಆದರೆ ನಾರ್ಮಲ್ ವರದಿ ಎಂದರೆ ಮುಂದೆ ಏಟು ತಿನ್ನಲು ಕೊಟ್ಟ ಪರವಾನಗಿ ಅಲ್ಲ. ಕನ್ಕಷನ್ ಆದ ಹೆಚ್ಚಿನವರ ಸ್ಕ್ಯಾನ್ ನಾರ್ಮಲ್ಲೇ ಇರುತ್ತದೆ. ಅದಕ್ಕಿಂತ ಉಪಯುಕ್ತವಾದದ್ದು, ಅವನು ಚೆನ್ನಾಗಿರುವಾಗಲೇ ನೆನಪು, ಪ್ರತಿಕ್ರಿಯೆಯ ವೇಗ, ಸಮತೋಲನ ಇವನ್ನು ಅಳೆದು ಬರೆದಿಟ್ಟು, ವರ್ಷಕ್ಕೊಮ್ಮೆ ಹೋಲಿಸಿ ನೋಡುವುದು.

ಹಾಗಾದರೆ ದಾರಿ ಯಾವುದು? ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ವೃತ್ತಿಪರ ಬಾಕ್ಸಿಂಗ್ ಬೇಡ. ಹಣಕ್ಕಾಗಿ ಆಡುವ ಕಡೆ ನಿಲ್ಲಿಸು ಎಂದು ಹೇಳಬೇಕಾದವರಿಗೆಲ್ಲ ನಿಲ್ಲಿಸಿದರೆ ನಷ್ಟ. ಪಚೆಕೊ ಅವರ ಪತ್ರಗಳಿಗೆ ಉತ್ತರ ಬಾರದಿದ್ದದ್ದು ಅದಕ್ಕೇ ಎಂದು ನಾನು ತಿಳಿದಿದ್ದೇನೆ.

ಪೂರ್ತಿ ಸುರಕ್ಷಿತವಾದ ದಾರಿ ಎಂದರೆ ತಲೆಗೆ ಏಟಿಲ್ಲದ ಬಾಕ್ಸಿಂಗ್. ಬ್ಯಾಗ್, ಪ್ಯಾಡ್, ಹಗ್ಗದಾಟ, ಶ್ಯಾಡೊ (ಎದುರಾಳಿಯಿಲ್ಲದೆ ಗಾಳಿಗೆ ಗುದ್ದುವುದು). ಇದರಿಂದ ಮೈಗೂ ಮನಸ್ಸಿಗೂ ಲಾಭವೇ. ಪಾರ್ಕಿನ್ಸನ್ ರೋಗಿಗಳಿಗೇ ಇಂಥ ಬಾಕ್ಸಿಂಗ್ ಕಲಿಸುವ ಕಾರ್ಯಕ್ರಮವೊಂದು 2006ರಲ್ಲಿ ಅಮೆರಿಕದ ಇಂಡಿಯಾನಪೊಲಿಸ್‌ನಲ್ಲಿ ಶುರುವಾಗಿ ಅನೇಕ ಕಡೆ ಹಬ್ಬಿದೆ. ಹಾನಿ ಮಾಡುವುದು ತಲೆಗೆ ಬೀಳುವ ಗುದ್ದು. ಬ್ಯಾಗಿಗೆ ಹೊಡೆದರೆ ಏನೂ ಆಗುವುದಿಲ್ಲ. ಆದರೆ ಸ್ಪರ್ಧೆಯ ರುಚಿ ಹತ್ತಿದ 16ರ ಹುಡುಗ ಇಷ್ಟಕ್ಕೇ ತೃಪ್ತಿಪಡುತ್ತಾನೆಯೇ? ಬಹುಶಃ ಇಲ್ಲ. ಬಲವಂತವಾಗಿ ಬಿಡಿಸಿದರೆ ಹೇಳದೆ ಕೇಳದೆ ಇನ್ನೆಲ್ಲೋ, ವೈದ್ಯರೂ ಇಲ್ಲದ ಕಡೆ ಹೋಗುವ ಅಪಾಯವಿದೆ. ಇದನ್ನು ನಿಮ್ಮ ಪತ್ನಿಯವರಿಗೂ ತಿಳಿಸಿ. ಅವರ ಭಯಕ್ಕೆ ಆಧಾರವಿದೆ. ಅಮೆರಿಕ ಮತ್ತು ಕೆನಡಾದ ಮಕ್ಕಳ ತಜ್ಞರ ಸಂಘಗಳು 2011ರಲ್ಲಿ ಜಂಟಿಯಾಗಿ, ಮಕ್ಕಳು ಮತ್ತು ಹದಿಹರೆಯದವರಿಗೆ ಬಾಕ್ಸಿಂಗ್ ಬೇಡ ಎಂದೇ ಹೇಳಿವೆ.

ನಡುವಿನ ದಾರಿ ಅಮೆಚೂರ್ ಸ್ಪರ್ಧೆ, ಷರತ್ತುಗಳೊಂದಿಗೆ. ಅಲಿ ಆಡಿದ್ದು 15 ಸುತ್ತಿನ ಕಾಲದಲ್ಲಿ. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ 14ನೇ ಸುತ್ತಿನಲ್ಲಿ ಬಿದ್ದು ಮಿದುಳಿನ ರಕ್ತಸ್ರಾವದಿಂದ ಸತ್ತ ಮೇಲೆ ವೃತ್ತಿಪರರಲ್ಲಿ ಅದು 12ಕ್ಕೆ ಇಳಿಯತೊಡಗಿತು. ಅಮೆಚೂರ್‌ನಲ್ಲಿ ಮೂರೇ ಸುತ್ತು, ರೆಫರಿ ಬೇಗ ನಿಲ್ಲಿಸುತ್ತಾರೆ, ತಲೆಗೆ ನಾಕೌಟ್ ಆದರೆ ಕನಿಷ್ಠ 30 ದಿನ ಕಡ್ಡಾಯ ವಿಶ್ರಾಂತಿ. ಅಮೆಚೂರ್ ಆಟದಿಂದ ದೀರ್ಘಕಾಲದ ಹಾನಿಯಾಗುತ್ತದೆ ಎಂಬುದಕ್ಕೆ ಬಲವಾದ ಪುರಾವೆ ಇಲ್ಲ ಎಂದು 2007ರ ಒಂದು ವಿಮರ್ಶೆ ಹೇಳಿತು. ಲಭ್ಯವಿದ್ದ ಅಧ್ಯಯನಗಳ ಗುಣಮಟ್ಟ ಅಷ್ಟಕ್ಕಷ್ಟೆ ಎಂದೂ ಸೇರಿಸಿತು. ಹಾಗಾಗಿ ಅಪಾಯ ಕಡಿಮೆ ಎನ್ನಬಹುದು, ಇಲ್ಲವೇ ಇಲ್ಲ ಎನ್ನಲಾಗದು. ಅದೂ ಹೆವಿವೇಟ್‌ನಲ್ಲಿ ಎದುರಾಳಿಯ ತೂಕಕ್ಕೆ ಮೇಲ್ಮಿತಿ ಇರುವುದಿಲ್ಲ. 84 ಕೆ.ಜಿ.ಯ ನಿಮ್ಮ ಹುಡುಗನ ಎದುರು 100 ಕೆ.ಜಿ.ಯವನೂ ನಿಲ್ಲಬಹುದು.

ನಿಜವಾದ ಲೆಕ್ಕ ಇರುವುದು ಜಿಮ್ಮಿನಲ್ಲಿ. ವರ್ಷಕ್ಕೆ ಪಂದ್ಯ ಬೆರಳೆಣಿಕೆಯಷ್ಟು, ಸ್ಪಾರಿಂಗ್ ವಾರವಾರವೂ. ಕೋಚ್ ಜೊತೆ ಕೂತು ನೇರವಾಗಿ ಕೇಳಿ: ವಾರಕ್ಕೆ ಎಷ್ಟು ದಿನ ಪೂರ್ಣ ಬಲದ ಸ್ಪಾರಿಂಗ್? ತನಗಿಂತ ದೊಡ್ಡ, ಅನುಭವಿ ಹುಡುಗರ ಜೊತೆ ಬಿಡುತ್ತೀರಾ? ತಲೆಗೆ ಹೊಡೆಯದೆ ಬರೀ ತಂತ್ರದ ಸ್ಪಾರಿಂಗ್ ಮಾಡಿಸುತ್ತೀರಾ? ತಲೆನೋವು ಎಂದ ಹುಡುಗನನ್ನು ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ 'ಇವೆಲ್ಲ ಇದ್ದದ್ದೇ, ಗಟ್ಟಿಯಾಗುತ್ತಾನೆ ಬಿಡಿ' ಎಂಬ ಉತ್ತರ ಬಂದರೆ ಜಿಮ್ ಬದಲಿಸಿ. ಪೂರ್ಣ ಬಲದ ಸ್ಪಾರಿಂಗ್ ಪಂದ್ಯಕ್ಕೆ ಮುಂಚಿನ ಕೆಲವು ವಾರಗಳಿಗೆ ಮಾತ್ರ ಸೀಮಿತವಾಗಿರಲಿ. ಒಂದು ನೋಟುಪುಸ್ತಕದಲ್ಲಿ ಪ್ರತಿ ಸ್ಪಾರಿಂಗ್ ದಿನಾಂಕ, ಸುತ್ತು, ತಲೆನೋವು ಬಂತೇ ಎಂಬುದನ್ನು ಅವನೇ ಬರೆಯಲಿ. ಸ್ಪರ್ಧೆ ನಡೆಯುವಲ್ಲಿ ರಿಂಗ್ ಪಕ್ಕ ವೈದ್ಯರು, ಹೊರಗೆ ಆಂಬುಲೆನ್ಸ್ ಇಲ್ಲದಿದ್ದರೆ ಆಡಿಸದೆ ಕರೆದುಕೊಂಡು ಬನ್ನಿ. 2022ರಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ತಲೆಗೆ ಏಟು ಬಿದ್ದ ಯುವಕ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ದೂರಿದ್ದರು.

ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಈಗಲೇ, ಅವನ ಮನಸ್ಸು ತಣ್ಣಗಿರುವಾಗಲೇ ಮೂವರೂ ಕೂತು ಮಾತಾಡಿಕೊಳ್ಳಿ. ಎಷ್ಟು ಕನ್ಕಷನ್ ಆದ ಮೇಲೆ ಬಿಡಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಸಂಖ್ಯೆ ಇಲ್ಲ. ನಾನು ಗಮನಿಸುವುದು ಬೇರೆ: ಮೊದಲಿಗಿಂತ ಹಗುರವಾದ ಏಟಿಗೇ ಲಕ್ಷಣ ಬರತೊಡಗಿದರೆ, ವಾಸಿಯಾಗಲು ಪ್ರತಿ ಸಲ ಹೆಚ್ಚು ದಿನ ಹಿಡಿದರೆ, ಓದಿನಲ್ಲಿ ಹಿಂದೆ ಬಿದ್ದರೆ, ಮಾತು ನಿಧಾನವಾದರೆ, ಅಲ್ಲಿಗೆ ಸಾಕು. ಬಿಡುವುದರಿಂದ ಲಾಭವಿದೆ ಎಂಬುದಕ್ಕೂ ಸೂಚನೆಗಳು ಸಿಕ್ಕಿವೆ. ಲಾಸ್ ವೇಗಸ್‌ನಲ್ಲಿ ವೃತ್ತಿಪರ ಕಾದಾಟಗಾರರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿರುವ ಅಧ್ಯಯನದಲ್ಲಿ, ಆಟ ನಿಲ್ಲಿಸಿದವರ ನೆನಪು ಮತ್ತು ಯೋಚನಾ ವೇಗದ ಅಂಕಗಳು ಮುಂದುವರಿಸಿದವರಿಗಿಂತ ಸುಧಾರಿಸಿದ್ದು ಕಂಡುಬಂದಿದೆ.

ಇನ್ನು ಏಟು ಬಿದ್ದ ದಿನದ ಮಾತು. ತಲೆಗೆ ಬಲವಾಗಿ ಬಿದ್ದು ಮಂಕಾದರೆ, ತಲೆ ಸುತ್ತಿದರೆ, ಸ್ಕೋರ್ ಮರೆತರೆ, ಆ ದಿನದ ಆಟ ಮುಗಿಯಿತು. ಒಂದೆರಡು ದಿನ ವಿಶ್ರಾಂತಿ, ನಂತರ ನಡಿಗೆ, ಲಘು ವ್ಯಾಯಾಮ, ಆಮೇಲೆ ಬ್ಯಾಗ್, ವೈದ್ಯರು ಒಪ್ಪಿದ ಮೇಲೆಯೇ ಸ್ಪಾರಿಂಗ್. ಲಕ್ಷಣ ಮರುಕಳಿಸಿದರೆ ಒಂದು ಹೆಜ್ಜೆ ಹಿಂದಕ್ಕೆ. ಮೊದಲ ರಾತ್ರಿ ಅವನನ್ನು ಒಬ್ಬನೇ ಬಿಡಬೇಡಿ. ತಲೆನೋವು ಹೆಚ್ಚುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಫಿಟ್ಸ್ ಬಂದರೆ, ಒಂದು ಕೈ ಅಥವಾ ಕಾಲು ಸೋತರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಅದು ಮಿದುಳಿನ ರಕ್ತಸ್ರಾವ ಇರಬಹುದು. ಬೆಳಗಾಗಲಿ ಎಂದು ಕಾಯದೆ, ನೋವಿನ ಮಾತ್ರೆ ಕೊಟ್ಟು ಮಲಗಿಸದೆ, ಸಿಟಿ ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೆ ಆ ಹೊತ್ತಿನಲ್ಲೇ ಹೊರಡಿ. ನಿಮ್ಮೂರಿನಲ್ಲಿ ರಾತ್ರಿ ಹೊತ್ತು ಈ ಎರಡೂ ಸಿಗುವ ಆಸ್ಪತ್ರೆ ಯಾವುದು ಎಂದು ಈ ವಾರವೇ ವಿಚಾರಿಸಿ, ಅದರ ಫೋನ್ ನಂಬರನ್ನು ನಿಮ್ಮ ಮೊಬೈಲ್‌ನಲ್ಲೂ ಕೋಚ್ ಮೊಬೈಲ್‌ನಲ್ಲೂ ಹಾಕಿಡಿ.